ಬೆವರುವ ಕೈಯ ಕುಸುರೆಳ್ಳು

ಮೊನ್ನೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ನನ್ನನ್ನು ಒಲ್ಲೆ ಅಂದುಬಿಟ್ಟಿತು. ಒಮ್ಮೆ ಒತ್ತಿದೆ, ಕೆಂಪು ದೀಪ. ಇನ್ನೊಮ್ಮೆ ಒತ್ತಿದೆ, ಮತ್ತೂ ಕೆಂಪು. ಹಿಂದೆ ಪಾಳಿಯಲ್ಲಿ ನಿಂತವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸತೊಡಗಿದರು. ಅಂಗಡಿಯವ ನನ್ನ ಕೈ ತಿರುಗಿಸಿ ನೋಡಿ, "ಅಜ್ಜಿ, ಅಂಗೈ ಪೂರಾ ಬೆವತೈತಲ್ರಿ. ಯಾಕ, ಅಂಜೀರೇನು? ಅದೇನು ಕಚ್ಚಂಗಿಲ್ಲ ಬಿಡ್ರಿ" ಅಂದ.

ಎಂಬತ್ತು ದಾಟಿದವಳಿಗೆ ಧೈರ್ಯ ಹೇಳಲು ಬಂದಿದ್ದಾನೆ! ನನಗೆ ಸಿಟ್ಟು ಬಂತು. ಆದರೆ ಅವನ ಮಾತೇನೂ ಸುಳ್ಳಲ್ಲ. ಸೊಂಟದ ಸಂಚಿ ಬಿಚ್ಚಿ, ಅದರಲ್ಲಿದ್ದ ವಿಭೂತಿ ಗಟ್ಟಿಯ ಚೂರು ತೆಗೆದು, ಹೆಬ್ಬೆಟ್ಟಿಗೆ ತಿಕ್ಕಿ, ಉಫ್ ಅಂತ ಊದಿ ಒತ್ತಿದೆ. ಹಸಿರು ದೀಪ ಹತ್ತಿತು. "ಏನವಾ, ಮಷಿನ್ನಿಗೂ ಪೂಜಿ ಮಾಡ್ತಿಯಲ್ಲ!" ಅಂತ ಪಾಳಿಯಲ್ಲಿದ್ದವಳೊಬ್ಬಳು ನಕ್ಕಳು. ನಾನೂ ನಕ್ಕೆ. ಆಕೆಗೇನು ಗೊತ್ತು, ಈ ಚೂರು ನನ್ನ ಸಂಚಿ ಸೇರಿದ್ದು ಯಾವ ಪೂಜೆಯಿಂದಲೂ ಅಲ್ಲ, ಸಂಕ್ರಾಂತಿಯ ಕುಸುರೆಳ್ಳಿನಿಂದ ಅಂತ.

ನಾನು ಹುಟ್ಟಾ ಅಂಜುಬುರುಕಿ. ಗುಡುಗಿಗೆ ಅಂಜುತ್ತೇನೆ, ಅಂಚೆಯವನಿಗೆ ಅಂಜುತ್ತೇನೆ, ಬ್ಯಾಂಕಿನಲ್ಲಿ ಸಹಿ ಹಾಕುವಾಗ ನನ್ನ ಸಹಿಯೇ ನನಗೆ ಮರೆತು ಹೋಗುತ್ತದೆ. ಬೇರೆಯವರಿಗೆ ಅಂಜಿಕೆಯಾದರೆ ಬಾಯಿ ಒಣಗುತ್ತದಂತೆ. ನನಗೆ ಅಂಗೈಯಲ್ಲಿ ಒರತೆ ಏಳುತ್ತದೆ. ಸಾಲಿಯಲ್ಲಿ ಪಾಟಿಯ ಮೇಲೆ ಅಕ್ಷರ ತಿದ್ದಿ ಮುಗಿಸುವಷ್ಟರಲ್ಲಿ ನನ್ನ ಕೈಯೇ ಅದನ್ನು ಒರೆಸಿಬಿಡುತ್ತಿತ್ತು. "ಯಾಕ ಬರದಿಲ್ಲ?" ಅಂತ ಮಾಸ್ತರರು ಗದರಿಸಿದರೆ ಇನ್ನಷ್ಟು ಬೆವರು. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ನಮ್ಮ ಅಕ್ಕ ಗಂಗವ್ವನಿಗೆ ಮಾತ್ರ. ರಾತ್ರಿ ನನ್ನ ಕೈ ಹಿಡಿದು ಮಲಗುತ್ತಿದ್ದವಳು ಅವಳೇ ಅಲ್ಲವೇ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಮತ್ತು ಅಂಜಿಕೆ ಅನ್ನುವುದು ಅವಳ ಮೈಯಲ್ಲೇ ಇರಲಿಲ್ಲ. ವಿಜಾಪುರದಲ್ಲಿ (ಈಗ ವಿಜಯಪುರ ಅನ್ನಬೇಕು, ನನ್ನ ನಾಲಿಗೆ ಕೇಳುವುದಿಲ್ಲ) ನಮ್ಮ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿತ್ತು. ಅಕ್ಕ ನನ್ನನ್ನು ಎಳೆದುಕೊಂಡು ಆ ಕತ್ತಲೆಯ ಮೆಟ್ಟಿಲು ಹತ್ತಿ, ಗುಮ್ಮಟದ ಒಳಸುತ್ತಿನ ಕಟ್ಟೆಯ ಮೇಲೆ ನಿಲ್ಲಿಸಿ, "ಏ!" ಅಂತ ಕೂಗುತ್ತಿದ್ದಳು. ಗುಮ್ಮಟ ಏಳು ಸಲ "ಏ" ಅನ್ನುತ್ತಿತ್ತು. "ಇಲ್ಲಿ ಯಾರರೆ ಸುಳ್ಳು ಹೇಳಿದ್ರ ಗುಮ್ಮಟ ಅದನ್ನ ಏಳು ಸಲ ಹೇಳಿ ಊರಿಗೆಲ್ಲ ಗೊತ್ತು ಮಾಡತೈತಿ ನೋಡು" ಅಂತ ಅವಳೇ ನನ್ನನ್ನು ಅಂಜಿಸಿದ್ದಳು. ಅಂದಿನಿಂದ ಗುಮ್ಮಟದೊಳಗೆ ನಾನು ಬಾಯಿಯೇ ಬಿಡುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಕದ್ದು ತಿಂದ ಬೆಲ್ಲ, ಒಡೆದ ಗಡಿಗೆ, ಹೀಗೆ ಸುಳ್ಳುಗಳು ಸಾಕಷ್ಟಿದ್ದವು.

ಆ ಅಕ್ಕನನ್ನು ಟಿಕೋಟಾಕ್ಕೆ ಕೊಟ್ಟರು. ಆಗ ಲಡಾಯಿಯ ಕಾಲ, ಎರಡನೆಯ ಮಹಾಯುದ್ಧ. ಮದುವೆಗೆ ಬುಂದೆ ಮಾಡಲೂ ಸಕ್ಕರೆ ಸಿಗದೆ ಬೆಲ್ಲದ ಮಾದಲಿಯಲ್ಲೇ ಊಟ ಮುಗಿಸಿದ್ದೆವು. ಪಂಚಮಿಗೆ ಅಕ್ಕ ತವರಿಗೆ ಬಂದು ಜೋಕಾಲಿ ಆಡಿ ಹೋದಳು. ದೀಪಾವಳಿಗೆ ಕಳಿಸಲಿಲ್ಲ. ಕಾಗದ ಬರೆದರೆ ಉತ್ತರವಿಲ್ಲ. ಕರೆಯದೆ ಬೀಗರ ಮನೆಗೆ ಹೋಗಿ ನಿಲ್ಲುವುದು ಅಪ್ಪನಿಗೆ ಆಗದ ಮಾತು. ಕೊನೆಗೆ ಆ ಕಡೆಯಿಂದ ಜೋಳ ಹೇರಿಕೊಂಡು ಪೇಟೆಗೆ ಬಂದ ಬಂಡಿಯವನೊಬ್ಬ ಅಕ್ಕನ ಅತ್ತೆ ಹೇಳಿ ಕಳಿಸಿದ ಮಾತು ತಂದ. "ಸಂಕ್ರಾಂತಿಗೆ ತವರುಮನಿಯಿಂದ ಕುಸುರೆಳ್ಳಿನ ದಾಗೀನ ಬರ್ಲಿ. ಆಮ್ಯಾಲೆ ನೋಡೋಣಂತ."

ಆ "ನೋಡೋಣ" ನಮ್ಮ ಮನೆಯಲ್ಲಿ ಎರಡು ತಿಂಗಳು ಉರಿಯಿತು.

ಹೊಸ ಮದುಮಗಳ ಮೊದಲ ಸಂಕ್ರಾಂತಿಗೆ ಕುಸುರೆಳ್ಳು ಪೋಣಿಸಿ ಸರ, ಬಳೆ, ಬೈತಲೆಬಟ್ಟು ಮಾಡಿ ಕರಿ ಸೀರೆಯ ಮೇಲೆ ತೊಡಿಸುವುದು ಸಾಂಗಲಿ ಕಡೆಯ ಪದ್ಧತಿ. ಅಕ್ಕನ ಅತ್ತೆಯ ತವರು ಆ ಕಡೆ. ನಮ್ಮಲ್ಲಿ ಕುಸುರೆಳ್ಳು ಹಂಚುವುದಿತ್ತು, ಸಣ್ಣ ಕೂಸಿನ ಕೊರಳಿಗೆ ಒಂದೆಳೆ ಹಾಕುವುದೂ ಇತ್ತು, ಮೈತುಂಬ ತೊಡಿಸುವುದು ಇರಲಿಲ್ಲ. "ಬೇಕಂತಲೇ ಕೇಳ್ಯಾಳ. ದಾಗೀನ ಹೋಗ್ಲಿಲ್ಲಂದ್ರ ನನ್ನ ಮಗಳನ್ನ ಕಳಸಂಗಿಲ್ಲ ಆಕಿ" ಅಂತ ಅವ್ವ ಕಣ್ಣಿಗೆ ಸೆರಗು ಹಚ್ಚಿದಳು. ದಾಗೀನ ಚೆನ್ನಾಗಿ ಹೋದರೆ ಅಕ್ಕ ಬರುತ್ತಾಳೆ, ಕೆಟ್ಟರೆ ಬರುವುದಿಲ್ಲ. ಹನ್ನೊಂದು ವರ್ಷದ ನನ್ನ ತಲೆಯಲ್ಲಿ ಅಷ್ಟೇ ಕುಂತಿತು.

ಸಕ್ಕರೆ ಎಲ್ಲಿಂದ ತರಬೇಕು? ಕೂಪನ್ ಮೇಲೆ ಸಿಗುತ್ತಿದ್ದದ್ದು ಒಂದು ಮುಷ್ಟಿ, ಅದೂ ಮಣ್ಣಿನ ಬಣ್ಣದ್ದು. ಅವತ್ತಿನಿಂದ ನಮ್ಮ ಮನೆಯಲ್ಲಿ ಬೆಲ್ಲದ ಚಹಾ. ವಾರವಾರದ ಸಕ್ಕರೆ ಅವ್ವನ ಡಬ್ಬಿ ಸೇರಿತು. ಪಕ್ಕದ ಮನೆಯ ಖಾಲಾ (ಉರ್ದುವಿನಲ್ಲಿ ಚಿಕ್ಕಮ್ಮ; ಅವರ ಹೆಸರು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಓಣಿಗೆಲ್ಲ ಅವರು ಖಾಲಾನೇ) ಒಂದು ದಿನ ಬಟ್ಟಲು ತುಂಬ ಸಕ್ಕರೆ ತಂದು ಅವ್ವನ ಮುಂದೆ ಇಟ್ಟರು. "ಬ್ಯಾಡ್ರಿ, ನಿಮ್ಮ ಮನಿ ಮಕ್ಕಳ ಸಕ್ರಿ" ಅಂದಳು ಅವ್ವ. "ಗಂಗಾ ನಮ್ಮ ಮನೀ ಮಗಳಲ್ಲೇನ? ಸುಮ್ಮ ತಗೋ ಬೇ" ಅಂತ ಗದರಿಸಿ ಹೋದರು. ಎರಡು ಮನೆಯ ಬಾಯಿ ಕಟ್ಟಿ ಕೂಡಿಟ್ಟ ಆ ಡಬ್ಬಿಯ ಹತ್ತಿರ ಹಾಯುವಾಗಲೂ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ.

ಕುಸುರೆಳ್ಳು ಮಾಡಲು ಬಬಲೇಶ್ವರದಿಂದ ಅಜ್ಜಿ ಬಂದಳು. ಅವ್ವನ ಅವ್ವ. ತನ್ನ ಹಿತ್ತಾಳೆ ಪರಾತವನ್ನು, ಆ ಅಗಲವಾದ ತಾಟನ್ನು, ಅರಿವೆಯಲ್ಲಿ ಸುತ್ತಿ ಕೂಸನ್ನು ತಂದಂತೆ ತೊಡೆಯ ಮೇಲಿಟ್ಟುಕೊಂಡು ಬಂಡಿಯಲ್ಲಿ ಬಂದಿದ್ದಳು. ಬಬಲೇಶ್ವರದಲ್ಲಿ ಅವಳ ಕೈಯ ಕುಸುರೆಳ್ಳು ಅಂದರೆ ಮಲ್ಲಿಗೆ ಮೊಗ್ಗು ಅನ್ನುತ್ತಿದ್ದರು. ಅವ್ವನೇ ಯಾಕೆ ಮಾಡಬಾರದು ಅನ್ನುತ್ತೀರೇನು? ಅವ್ವನದು ಬಿಸಿ ಕೈ. ಅವಳು ಮುಟ್ಟಿದ ಉಪ್ಪಿನಕಾಯಿಗೆ ಬೂಸರು ಬರುತ್ತಿತ್ತು. ಒಂದು ವರ್ಷ ಅವಳು ಕುಸುರೆಳ್ಳಿಗೆ ಕೈ ಹಚ್ಚಿ ಇಡೀ ಪರಾತವೇ ಒಂದು ಉಂಡೆಯಾಗಿ, ಅದನ್ನು ಒಡೆಯಲು ಸುತ್ತಿಗೆ ತಂದಿದ್ದರಂತೆ. ಅಜ್ಜಿ ಅವಳನ್ನು ಪರಾತದ ನೆರಳಿಗೂ ಬಿಡುತ್ತಿರಲಿಲ್ಲ.

ನೀವು ಈಗ ಅಂಗಡಿಯಿಂದ ಪೊಟ್ಟಣದಲ್ಲಿ ತರುವ ಕುಸುರೆಳ್ಳು ನೋಡಿ ಇದೇನು ಮಹಾ ಅನ್ನಬೇಡಿ. ಶೇಗಡಿ ಒಲೆಯಲ್ಲಿ ಇದ್ದಿಲ ಕೆಂಡ ಮಾಡಿ ಮೇಲೆ ಬೂದಿ ಮುಚ್ಚಬೇಕು. ಅದರ ಮೇಲೆ ಪರಾತ, ಪರಾತದಲ್ಲಿ ಹುರಿದ ಎಳ್ಳು, ಪುಠಾಣಿ, ಸಿಪ್ಪೆ ತೆಗೆದ ಶೇಂಗಾ. ಸಕ್ಕರೆಯನ್ನು ಕುದಿಸಿ, ಹಾಲು ಹಾಕಿ ಹೊಲಸು ತೆಗೆದು, ಸೋಸಿ ಮಾಡಿದ ಪಾಕವನ್ನು ಅರ್ಧ ಚಮಚೆಯಂತೆ ಬಿಟ್ಟು, ಅದು ಒಣಗುವ ತನಕ ಬೆರಳ ತುದಿಯಿಂದ ಆಡಿಸುತ್ತ ಇರಬೇಕು. ಒಣಗಿತೋ, ಮತ್ತೆ ಅರ್ಧ ಚಮಚೆ. ಹೀಗೆ ದಿನಗಟ್ಟಲೆ. ಬೆಳಗಿನ ಥಂಡಿಯಲ್ಲಿ ಮಾತ್ರ ಮಾಡಬೇಕು, ಬಿಸಿಲೇರಿದರೆ ಮುಚ್ಚಿಡಬೇಕು. ಮೂರನೆಯ ದಿನಕ್ಕೆ ಕಾಳಿನ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಮುಳ್ಳು ಏಳುತ್ತವೆ. ಮುಳ್ಳು ಎದ್ದರೆ ಕುಸುರೆಳ್ಳು, ಏಳದಿದ್ದರೆ ಬರೇ ಸಕ್ಕರೆ ಮೆತ್ತಿದ ಕಾಳು.

"ಇದಕ್ಕ ಒಂದು ಕೈ ಬೇಕು ನೋಡು. ಒಣಾ ಕೈ, ತಂಪ ಕೈ. ಅಂಜಿದಾಕಿ ಇದನ್ನ ಮುಟ್ಟಬಾರ್ದು. ಅಂಜಿದ್ರ ಕೈ ಬೆವರತಾವ, ಬೆವರು ತಾಗಿದ್ರ ಎದ್ದ ಮುಳ್ಳೂ ಕರಗಿ ಹೋಗತಾವ" ಅಂತ ಅಜ್ಜಿ ಆಡಿಸುತ್ತಲೇ ಹೇಳುತ್ತಿದ್ದಳು. ನಾನು ಆ ಮಾತು ಕೇಳಿ ಕೈಗಳನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡು ಒಂದು ಮೊಳ ಹಿಂದೆ ಸರಿದು ಕೂತೆ.

ಎರಡು ದಿನ ಎಲ್ಲ ಸರಿಯಾಗಿ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಇದ್ದಿಲ ಚೀಲಕ್ಕೆ ಕೈ ಹಾಕಿದಳು. "ಹಾ!" ಅಂದದ್ದು ಕೇಳಿಸಿತು. ಚೀಲದಿಂದ ಬೆರಳುದ್ದದ ಕರಿ ಚೇಳು ಹೊರಬಿದ್ದು ಗೋಡೆಯ ಕಡೆ ಓಡಿತು. ನಮ್ಮ ಓಣಿಯ ಹಳೆ ಕಲ್ಲಿನ ಮನೆಗಳಲ್ಲಿ ಚೇಳಿಗೇನು ಬರವಿರಲಿಲ್ಲ, ಆದರೆ ಅದು ಕಡಿದದ್ದು ಅಜ್ಜಿಯ ಬಲಗೈಯ ಬೆರಳನ್ನು. ಅಪ್ಪ ಓಡಿ ಹೋಗಿ ಮದ್ದು ಹಾಕುವವರನ್ನು ಕರೆತಂದ. ಮಧ್ಯಾಹ್ನದ ಹೊತ್ತಿಗೆ ಜೀವಕ್ಕೆ ಅಪಾಯವಿಲ್ಲ ಅಂತಾಯಿತು, ಆದರೆ ಕೈ ಮೊಣಕೈವರೆಗೆ ಬಾತು ಹೊಳೆಯುತ್ತಿತ್ತು. ಅಷ್ಟು ನೋವಿನಲ್ಲೂ ಅಜ್ಜಿ ಕೇಳಿದ್ದು ಒಂದೇ: "ಪರಾತ ಮುಚ್ಚೀರಿಲ್ಲೋ?"

ಸಂಕ್ರಾಂತಿಗೆ ಐದು ದಿನವಿತ್ತು. ಕಾಳುಗಳಿಗೆ ಇನ್ನೂ ಮುಳ್ಳು ಎದ್ದಿರಲಿಲ್ಲ. ಅಜ್ಜಿ ಹಾಸಿಗೆಯಲ್ಲಿ ಮಲಗಿಯೇ ಮನೆಯವರನ್ನೆಲ್ಲ ಒಬ್ಬೊಬ್ಬರಂತೆ ನೋಡಿದಳು. ಅವಳ ಕಣ್ಣು ಅವ್ವನನ್ನು ದಾಟಿ, ಅಪ್ಪನನ್ನು ದಾಟಿ ನನ್ನ ಮೇಲೆ ನಿಂತಿತು.

"ನೀಲಿ ಮಾಡ್ಲಿ."

"ಅಕಿಗೆ ಏನು ಗೊತ್ತಬೇ?" ಅಂದಳು ಅವ್ವ.

"ಎರಡು ದಿನ ಕಣ್ಣ ಪಿಳುಕಿಸದಂಗ ನೋಡ್ಯಾಳ. ನಾ ಇಲ್ಲೇ ಮಕ್ಕೊಂಡ ಹೇಳತೀನಿ. ನೀಲಿ, ಅಂಜಿಕಿ ಬರತೈತೇನ ನಿನಗ?"

"ಇಲ್ಲಬೇ" ಅಂದೆ. ಲಂಗದೊಳಗೆ ಅಂಗೈ ತೊಪ್ಪೆಯಾಗಿತ್ತು.

ಇಲ್ಲ ಅನ್ನದೆ ಏನು ಅನ್ನಬೇಕಿತ್ತು ಹೇಳಿ? ಅಂಜಿಕೆ ಬರುತ್ತದೆ ಅಂದರೆ ಅಕ್ಕ ಬರುವುದಿಲ್ಲ. ಮರುದಿನ ನಸುಕಿನಲ್ಲಿ ಪರಾತದ ಮುಂದೆ ಕೂತೆ. ಇದ್ದಿಲನ್ನು ಅವ್ವ ಇಕ್ಕಳದಿಂದ ಒಂದೊಂದೇ ತೆಗೆದು ಹಾಕಿದಳು. ಪ್ರತಿ ಇದ್ದಿಲಿನಲ್ಲೂ ನನಗೆ ಚೇಳಿನ ಕೊಂಡಿ ಕಾಣುತ್ತಿತ್ತು. ಮೊದಲ ಅರ್ಧ ಚಮಚೆ ಪಾಕ ಬಿಟ್ಟು ಬೆರಳು ಆಡಿಸಿದೆ. ಅಂಜಬಾರದು ಅಂದುಕೊಂಡಷ್ಟೂ ಅಂಜಿಕೆ, ಅಂಜಿದಷ್ಟೂ ಬೆವರು. ನೋಡನೋಡುತ್ತಿದ್ದಂತೆ ಒಂದು ಮೂಲೆಯ ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಬೋಳಾಗಿ ಮಿರಿಮಿರಿ ಮಿಂಚತೊಡಗಿದವು. ಅಜ್ಜಿ ಎರಡು ದಿನ ಕಟ್ಟಿದ್ದ ಸಕ್ಕರೆ ಕರಗುತ್ತಿತ್ತು. ಆಚೆ ಮನೆಯಲ್ಲಿ ಖಾಲಾ ಮಕ್ಕಳಿಗೆ ಸಪ್ಪೆ ಚಹಾ ಕುಡಿಸುವ ಸದ್ದು ಕೇಳಿಸುತ್ತಿತ್ತು. ಮುಗಿಯಿತು ಅನಿಸಿತು. ಅಳು ನುಂಗಿಕೊಂಡೆ, ಯಾಕೆಂದರೆ ಕಣ್ಣೀರೂ ಪರಾತಕ್ಕೆ ಬಿದ್ದರೆ ಗತಿ?

ಅವ್ವ ನೀರಿಗೆ ಹೋಗಿದ್ದಳು. ಅಜ್ಜಿಗೆ ನಿದ್ದೆ ಹತ್ತಿತ್ತು. ನಾನು ಎದ್ದು ದೇವರ ಜಗಲಿಗೆ ಹೋದೆ. "ಅಂಜಿಕಿ ಬಂದ್ರ ವಿಭೂತಿ ಹಚ್ಚಿಕೋ" ಅಂತ ಅವ್ವ ಯಾವಾಗಲೂ ಹೇಳುತ್ತಿದ್ದಳು. ಅವಳು ಹೇಳಿದ್ದು ಹಣೆಗೆ. ನನ್ನ ಅಂಜಿಕೆ ಹಣೆಯಲ್ಲಿ ಇರಲಿಲ್ಲವಲ್ಲ! ಗಟ್ಟಿಯನ್ನು ತೆಗೆದುಕೊಂಡು ಎರಡೂ ಅಂಗೈಗೆ, ಬೆರಳ ಸಂದಿಗೆಲ್ಲ ಗಸಗಸ ತಿಕ್ಕಿಕೊಂಡೆ. ಕೈ ಆ ಕ್ಷಣವೇ ಒಣಗಿತು. ಓಡಿ ಬಂದು ಪರಾತಕ್ಕೆ ಕೈ ಹಚ್ಚಿದೆ. ಪಾಕ ಒಣಗಿತು. ಕಾಳು ಬಿಡಿಬಿಡಿಯಾಗಿ ಕುಣಿದವು. ಮರುದಿನದ ಹೊತ್ತಿಗೆ ಶೇಂಗಾದ ಮೈಮೇಲೆ ಮೊದಲ ಮುಳ್ಳು ಎದ್ದವು.

ಆಮೇಲೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ. ಪ್ರತಿ ಚಮಚೆಗೆ ಒಮ್ಮೆ ಜಗಲಿಗೆ ಓಡಿದೆ. ಕೊನೆಗೆ ಚೂರು ಮುರಿದು ಲಂಗದ ಅಂಚಿಗೆ ಗಂಟು ಹಾಕಿಕೊಂಡೆ. ಮುಳ್ಳು ಎಂಥವು ಅಂದರೆ ಅಜ್ಜಿಯ ಕೈಗೂ ಅಷ್ಟು ಎದ್ದಿರಲಿಕ್ಕಿಲ್ಲ. ಬಣ್ಣ ಮಾತ್ರ ಮಲ್ಲಿಗೆಯದಲ್ಲ. ನಾನು ಕೈ ಹಚ್ಚಿದ ಮೂರನೆಯ ದಿನ ಅಜ್ಜಿ ಕೈಗೆ ಕಟ್ಟಿದ ಅರಿವೆ ಹಿಡಿದುಕೊಂಡು ಎದ್ದು ಬಂದು ಬಗ್ಗಿ ನೋಡಿದಳು.

"ಮುಳ್ಳು ಭಾಳ ಛಲೋ ಎದ್ದಾವ. ಬಣ್ಣ ಯಾಕ ಹಿಂಗ ಬೂದಿ ಆಗೇತಿ?"

"ಕೂಪನ್ ಸಕ್ರಿ ಅಲ್ಲೇನಬೇ, ಮತ್ತೆಂಗಾಗಬೇಕು" ಅಂತ ಅವ್ವನೇ ಸರಕಾರದ ಮೇಲೆ ಹಾಕಿದಳು. ನಾನು ಲಂಗದ ಅಂಚಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಅದೇ ಸಂಜೆ ಅಪ್ಪ ಸ್ನಾನ ಮಾಡಿ ಜಗಲಿಯ ಮುಂದೆ ಕೂತು, "ಅಲ್ಲಾ, ಹುಣ್ಣಿಮಿಗೆ ತಂದ ಗಟ್ಟಿ ಇಷ್ಟ ಲಗೂ ಹೆಂಗ ಸವೀತು?" ಅಂದ. "ಇಲಿ ಹೊತಗೊಂಡ ಹೋಗಿರಬೇಕು" ಅಂದಳು ಅವ್ವ. ಇಲಿ ಅನ್ನಿಸಿಕೊಂಡ ನಾನು ಒಳಗೆ ಗೋಡೆಗೆ ಒರಗಿ ನಿಂತಿದ್ದೆ.

ಒಂದು ಕಾಳು ಬಾಯಿಗೆ ಹಾಕಿಕೊಂಡು ನೋಡಿದೆ. ಸಿಹಿಯ ಹಿಂದೆ ಬೂದಿಯ ರುಚಿ. ಆಗ ಬಂದ ಅಂಜಿಕೆಯ ಮುಂದೆ ಹಿಂದಿನದೆಲ್ಲ ಏನೂ ಅಲ್ಲ. ಹೊಸ ಮದುಮಗಳಿಗೆ ತವರುಮನೆಯವರು ಬೂದಿ ತಿನ್ನಿಸಿ ಕಳಿಸಿದರು ಅಂತ ಆ ಅತ್ತೆ ಅಂದರೆ? ಕೊರಳಿನಿಂದ ಹರಿದು ಅಂಗಳಕ್ಕೆ ಒಗೆದರೆ? ಅಕ್ಕನನ್ನು ಎಂದಿಗೂ ಕಳಿಸದಿದ್ದರೆ? ಹೇಳಿಬಿಡಬೇಕು ಅಂತ ಅವ್ವನ ಹತ್ತಿರ ಹೋದೆ. ಅವಳು ಕರಿ ದಾರದಲ್ಲಿ ಒಂದೊಂದೇ ಕಾಳನ್ನು ಗಂಟು ಹಾಕುತ್ತ, ಎಷ್ಟೋ ದಿನದ ಮೇಲೆ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ತಿರುಗಿ ಬಂದೆ.

ಸಂಕ್ರಾಂತಿಯ ಹಿಂದಿನ ದಿನ ಅಪ್ಪ ಮತ್ತು ನಾನು ಟಿಕೋಟಾಕ್ಕೆ ಹೊರಟೆವು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಸಣ್ಣ ಏರು ಬಂದರೂ ಎಲ್ಲರೂ ಇಳಿಯಬೇಕು. ದಾಗೀನದ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅಂಗೈ ತಾಗಿ ಮುಳ್ಳು ಕರಗೀತೆಂದು, ಮುಚ್ಚಿದ ಡಬ್ಬಿಯನ್ನೂ ನಾನು ಮೊಣಕೈಯಲ್ಲೇ ಹಿಡಿದುಕೊಂಡಿದ್ದೆ. ಅಂಗೈಗಳೆರಡನ್ನೂ ಬೇಡುವವರಂತೆ ಮೇಲೆ ಮಾಡಿದ್ದೆ. "ಕೈ ಯಾಕ ಹಂಗ ಮಾಡಿ?" ಅಂತ ಅಪ್ಪ ಕೇಳಿದ. "ಸುಮ್ಮ" ಅಂದೆ.

ಅಕ್ಕನ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ನಾನು ಮನಸ್ಸಿನಲ್ಲಿ ಬೆಳೆಸಿಕೊಂಡಿದ್ದ ದೊಡ್ಡ ಹೆಂಗಸಲ್ಲ, ಸಣಕಲು ಹೆಣ್ಣುಮಗಳು. "ಬರ್ರಿ ಬೀಗರ" ಅಂದಳು.

"ಗಂಗಾ ಎಲ್ಲಿ?" ಅಂದ ಅಪ್ಪ.

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಒಳಗ ಮಲಗ್ಯಾಳ್ರಿ. ದೀಪಾವಳಿ ಮುಂದ ಮುದ್ದತಿನ ಜ್ವರ ಬಂತು. ಬಿಡ್ತು ಅನ್ನೂದ್ರಾಗ ತಿರುಗಿ ಬಂತು. ಮದಿವ್ಯಾಗಿ ವರ್ಷ ತುಂಬಿಲ್ಲ, ನಿಮ್ಮ ಮಗಳನ್ನ ಹಿಂಗ ಮಾಡಿದ್ವಿ ಅಂತ ಹೆಂಗ ಹೇಳಿ ಕಳಸಬೇಕ್ರಿ? ಅಂಜಿಕಿ ಬಂತು. ಸಂಕ್ರಾಂತಿ ಅಂದ್ರ ಎರಡು ತಿಂಗಳು ಸಿಗತೈತಿ, ಅಷ್ಟರಾಗ ಎದ್ದು ಕುಂಡರತಾಳ ಅಂತ ದಾಗೀನದ ನೆಪ ಹೇಳಿ ಕಳಿಸಿದ್ನಿ."

ಅಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ. ನಾನು ಅವನ ಹಿಂದೆ. ಹಾಸಿಗೆಯಲ್ಲಿ ಮಲಗಿದವಳನ್ನು ಅಕ್ಕ ಅಂತ ಗುರುತಿಸಲು ನನಗೆ ಒಂದು ಗಳಿಗೆ ಬೇಕಾಯಿತು. ಮುದ್ದತಿನ ಜ್ವರ (ಈಗಿನವರು ಟೈಫಾಯ್ಡ್ ಅನ್ನುತ್ತೀರಿ) ಅಂತ ಮೊಣಕಾಲಿಗೆ ಮುಟ್ಟುತ್ತಿದ್ದ ಕೂದಲನ್ನು ಕತ್ತರಿಸಿದ್ದರು. ಕಣ್ಣು ಎರಡೇ ದೊಡ್ಡವಾಗಿ ಉಳಿದಿದ್ದವು. ಅವಳು ನನ್ನನ್ನು ನೋಡಿ ನಕ್ಕಳು. ನನಗೆ ಓಡಿ ಹೋಗಬೇಕು ಅನಿಸಿತು. ಈ ಮಾತನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ, ಆದರೆ ಖರೆ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದಳು. ಸರ, ಬಳೆ, ಬೈತಲೆಬಟ್ಟು. ಬೈತಲೆಬಟ್ಟನ್ನು ಎತ್ತಿ, ಕೂದಲಿಲ್ಲದ ತಲೆ ನೋಡಿ, ಮತ್ತೆ ಡಬ್ಬಿಯೊಳಗೇ ಇಟ್ಟಳು. ಬಳೆ ತೊಡಿಸಿದಳು. ಅವು ಮೊಣಕೈವರೆಗೆ ಸಡಿಲಾಗಿ ಜಾರಿದವು. ಆಮೇಲೆ ಪದ್ಧತಿಯಂತೆ ಒಂದು ಕಾಳು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಚೀಪಿದಳು. ಹುಬ್ಬು ಗಂಟಾದವು.

"ಇದರಾಗ ವಿಭೂತಿ ಐತಿ."

ಅಪ್ಪ ತಿರುಗಿ ನನ್ನನ್ನು ನೋಡಿದ.

"ಮಠದಾಗಿನ ವಿಭೂತಿ ಹಾಕಿ ಮಾಡಿಸೀರೇನು? ನಿಮಗ ಹೆಂಗ ಗೊತ್ತಾತು ಇಕಿಗೆ ಆರಾಮಿಲ್ಲಂತ?" ಅಂತ ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು. ಆ ಕಣ್ಣಿಗೆ ಇಲ್ಲ ಅನ್ನುವ ಧೈರ್ಯ ನನಗೆ ಎಲ್ಲಿಂದ ಬರಬೇಕು?

"ಹೂಂರಿ" ಅಂದೆ.

ಅವಳು ಸರದಿಂದ ಒಂದು ಶೇಂಗಾ ಬಿಚ್ಚಿ ಅಕ್ಕನ ನಾಲಿಗೆಯ ಮೇಲಿಟ್ಟಳು. ಅಕ್ಕ ಕಣ್ಣು ಮುಚ್ಚಿ ಚೀಪಿದಳು. ಸಕ್ಕರೆ ಕರಗಿದ ಮೇಲೆ, ಜ್ವರದವಳಿಗೆ ಶೇಂಗಾ ಆಗದೆಂದು ಅತ್ತೆ ಅದನ್ನು ಬೆರಳಿನಿಂದ ತೆಗೆದು ತಾನೇ ತಿಂದಳು. "ದಿನಾ ಒಂದು ಹಾಕತೀನ್ರಿ" ಅಂದಳು.

ಅಂಥ ಜ್ವರದಲ್ಲಿ ಬಂಡಿ ಹತ್ತಿಸಬಾರದೆಂದು ಅಕ್ಕನನ್ನು ಅಲ್ಲೇ ಬಿಟ್ಟು ಬಂದೆವು. ಬಸ್ಸಿನಲ್ಲಿ ಅಪ್ಪ ಬೈಯುತ್ತಾನೆ ಅಂತ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಊರು ಸಮೀಪ ಬಂದಾಗ ಅವನು ನನ್ನ ಕೈ ಬಿಡಿಸಿ ಅಂಗೈ ನೋಡಿದ. ಅಂಗಿಯ ಜೇಬಿನಿಂದ ತನ್ನ ವಿಭೂತಿಯ ಚೂರು ತೆಗೆದು ಅದರಲ್ಲಿಟ್ಟ. "ಇಟಗೋ. ಜಗಲಿ ಮ್ಯಾಲಿಂದು ಮುಟ್ಟಬ್ಯಾಡ" ಅಂದ. ಅವತ್ತಿನಿಂದ ನನ್ನ ಹತ್ತಿರ ಒಂದು ಚೂರು ಇದ್ದೇ ಇರುತ್ತದೆ.

ಮುಂದಿನ ದಿನಗಳನ್ನು ಹೇಗೆ ಕಳೆದೆ ಕೇಳಬೇಡಿ. ನನ್ನ ಲೆಕ್ಕದಲ್ಲಿ ಅಕ್ಕ ದಿನಾ ಒಂದು ಸುಳ್ಳು ಚೀಪುತ್ತಿದ್ದಳು. ಮಠದ್ದಲ್ಲದ ವಿಭೂತಿಯನ್ನು ಮಠದ್ದು ಅಂದದ್ದಕ್ಕೆ ದೇವರು ಸಿಟ್ಟಾಗಿ ಅಕ್ಕನನ್ನು ಒಯ್ದರೆ ಅದು ನನ್ನ "ಹೂಂರಿ"ಯಿಂದ. ಟಿಕೋಟಾದ ಬಂಡಿ ಓಣಿಯ ತುದಿಯಲ್ಲಿ ಕಂಡರೆ ಸಾಕು, ಹಿತ್ತಿಲಿಗೆ ಓಡಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಅವ್ವ ವಾರಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಅವಳ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದೆ. ಕಾಲು ಲಗುಬಗೆಯಿಂದ ಬಂದರೆ ಅಕ್ಕ ಬದುಕಿದ್ದಾಳೆ ಅಂತ.

ಶಿವರಾತ್ರಿ ದಾಟಿದ ಮೇಲೆ ಒಂದು ಬಂಡಿ ನಮ್ಮ ಬಾಗಿಲಿಗೇ ಬಂದು ನಿಂತಿತು. ಅದರಿಂದ ಅಕ್ಕ ಇಳಿದಳು. ಅವಳ ಅತ್ತೆ ಕೈ ಹಿಡಿದು ಇಳಿಸಿದಳು, ನಮ್ಮ ಅವ್ವ ಇನ್ನೊಂದು ಕೈ ಹಿಡಿದಳು, ಖಾಲಾ ದೃಷ್ಟಿಗೆ ಲಿಂಬೆಹಣ್ಣು ಇಳಿ ತೆಗೆದು ಒಗೆದರು. ಅತ್ತೆ ಎಲ್ಲರೆದುರು, "ಆ ವಿಭೂತಿ ಕುಸುರೆಳ್ಳ ಉಳಿಸ್ತ್ರಿ ನನ್ನ ಸೊಸಿನ್ನ. ವರ್ಷಾ ನೀಲಿ ಕೈಲಿಂದನ ಬರಬೇಕು" ಅಂದಳು. ಅಕ್ಕ ಏಳುವವರೆಗೆ ನಮ್ಮಲ್ಲೇ ಉಳಿದಿದ್ದ ಬಬಲೇಶ್ವರದ ಅಜ್ಜಿ ಇದನ್ನು ಕೇಳಿ ನನ್ನ ಕಡೆ ಎಂಥ ನೋಟ ನೋಡಿದಳೆಂದರೆ, ಆ ಚೇಳು ನನ್ನನ್ನೇ ಕಡಿದಿದ್ದರೆ ವಾಸಿಯಿತ್ತು.

ಯುಗಾದಿಯ ಹೊತ್ತಿಗೆ ಅಕ್ಕನಿಗೆ ಕಾಲಲ್ಲಿ ಬಲ ಬಂತು. ತಲೆಯ ಮೇಲೆ ಎರಡು ಬೆರಳಿನಷ್ಟು ಕೂದಲೂ ಬಂದಿತ್ತು. ಒಂದು ಮುಂಜಾನೆ "ನಡಿ, ಗುಮ್ಮಟ ಹತ್ತೋಣು" ಅಂದಳು. ನಾನು ಒಲ್ಲೆ ಅಂದೆ. ಸಂಕ್ರಾಂತಿಯಿಂದ ನಾನು ಆ ಕಡೆ ಮುಖ ಹಾಕಿರಲಿಲ್ಲ. ಅವಳು ಕೇಳುವವಳಲ್ಲ. ಐದು ಮೆಟ್ಟಿಲಿಗೆ ಒಮ್ಮೆ ಕೂತು ದಣಿವಾರಿಸಿಕೊಳ್ಳುತ್ತ ಮೇಲೆ ಹತ್ತಿದಳು. ನನ್ನನ್ನು ಈ ಕಡೆ ಗೋಡೆಗೆ ಕಿವಿ ಹಚ್ಚಿ ಕೂಡಿಸಿ, ತಾನು ಕಟ್ಟೆಯ ಸುತ್ತ ನಡೆದು ಎದುರು ಬದಿಗೆ ಹೋದಳು. ಅಲ್ಲಿ ಅವಳು ಅಂಗೈಯಷ್ಟೇ ಸಣ್ಣಗೆ ಕಾಣುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ನಾನು ಹಲ್ಲು ಕಚ್ಚಿ ಕೂತೆ.

ಗೋಡೆಯೊಳಗಿಂದ ಅಕ್ಕನ ಪಿಸುಮಾತು ಬಂತು.

"ನೀಲಿ, ಕುಸುರೆಳ್ಳು ಉಪ್ಪಿತ್ತು ಲೇ."

ನಾನು ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿದೆ.

"ಅತ್ತಿಗೆ ಬರೇ ವಿಭೂತಿ ಹತ್ತಿತು. ನನಗ ಅದರ ಕೆಳಗಿನ ಉಪ್ಪು ಹತ್ತಿತು. ನಿನ್ನ ಕೈ ಬೆವತಿದ್ವು."

ಮೇಲೆ ಪಾರಿವಾಳಗಳು ರೆಕ್ಕೆ ಬಡಿದವು. ಆಮೇಲೆ ಇನ್ನೂ ಸಣ್ಣ ಧ್ವನಿ.

"ನಾ ಸಾಯ್ತೀನಿ ಅಂತ ಭಾಳ ಅಂಜಿದ್ನಿ, ನೀಲಿ. ಎಲ್ಲಾರೂ ಧೈರ್ಯ ಹೇಳೋರ, ನನ್ನ ಜೋಡಿ ಅಂಜೋರು ಯಾರೂ ಇರ್ಲಿಲ್ಲ. ಆ ಉಪ್ಪು ನಾಲಿಗಿಗೆ ಹತ್ತಿದ ಮ್ಯಾಲೆ ನಾ ಒಬ್ಬಾಕಿನ ಅಲ್ಲ ಅನ್ನಿಸ್ತು. ಅವ್ವಗ ಹೇಳಬ್ಯಾಡ."

ನಮ್ಮ ಅಕ್ಕ ಅಂಜಿದ್ದಳು! ನಾನು ಎರಡೂ ಅಂಗೈಗಳನ್ನು ಆ ತಂಪು ಗೋಡೆಗೆ ಒತ್ತಿ ಹಿಡಿದೆ. ಅವು ಒದ್ದೆಯಾಗಿದ್ದವು. ಅಪ್ಪ ಕೊಟ್ಟ ವಿಭೂತಿಯ ಚೂರು ಲಂಗದ ಗಂಟಿನಲ್ಲೇ ಇತ್ತು, ಬೇಕೆನಿಸಲಿಲ್ಲ. ಇಷ್ಟು ವರ್ಷ ಅವಳ ಮಾತು ಉಳಿಸಿಕೊಂಡು ಬಂದಿದ್ದೇನೆ. ಈಗ ಅವ್ವನೂ ಇಲ್ಲ, ಅಕ್ಕನೂ ಇಲ್ಲ, ಅದಕ್ಕೇ ನಿಮಗೆ ಹೇಳಿದೆ. ಅವತ್ತು ಗುಮ್ಮಟದೊಳಗೆ ನಾನು ಮೊದಲ ಸಲ ಬಾಯಿ ಬಿಟ್ಟೆ. ಅಳುವಿನ ರಭಸಕ್ಕೆ ಪಿಸುಮಾತು ಆಗಬೇಕಿದ್ದದ್ದು ಕೂಗೇ ಆಯಿತು.

"ಹೇಳಂಗಿಲ್ಲ!"

ಗುಮ್ಮಟ ಅದನ್ನು ಏಳು ಸಲ ಹೇಳಿತೋ ಏನೋ. ನಾನು ಎಣಿಸಲಿಲ್ಲ.